ಗಡಿಯಾರ ನೋಡದೆ ಅಳೆದ ಹೊಳೆ

ನನ್ನ ಪಿಎಚ್.ಡಿ. ಪ್ರಬಂಧದ ಐದನೇ ಅಧ್ಯಾಯವನ್ನು ಯಾರೂ ನಂಬಬೇಡಿ. ಅದರೊಳಗಿನ ಅಂಕಿಗಳು ಸುಳ್ಳಲ್ಲ. ಹೊಳೆಗಿಳಿದು ನಾನೇ ತುಂಬಿದ ಬಾಟಲಿಗಳು, ನಾನೇ ನಿಂತು ಮಾಡಿದ ಟೈಟ್ರೇಷನ್, ನನ್ನದೇ ಕೈಬರಹದ ಫೀಲ್ಡ್ ಪುಸ್ತಕ. ಒಂದು ಅಂಕಿಯನ್ನೂ ಕೂತಲ್ಲೇ ಹುಟ್ಟಿಸಿಲ್ಲ. ಒಂದು ದಿನದ್ದನ್ನು ಮಾತ್ರ ಕೈಬಿಟ್ಟೆ, ಆ ಕಥೆ ಮುಂದೆ ಬರುತ್ತದೆ. ಆದರೆ ಈ ನಿಜವಾದ ಅಂಕಿಗಳನ್ನೆಲ್ಲ ಜೋಡಿಸಿ ಅಧ್ಯಾಯ ಆಡುವ ಮಾತು ತಪ್ಪು. ನಂಜನಗೂಡಿನಲ್ಲಿ ಕೆಟ್ಟ ಕಪಿಲೆ ತಿರುಮಕೂಡಲು ನರಸೀಪುರ ಸೇರುವಷ್ಟರಲ್ಲಿ ತನ್ನನ್ನು ತಾನೇ ತೊಳೆದುಕೊಂಡುಬಿಡುತ್ತದೆ ಎಂದು ಅದು ಹೇಳುತ್ತದೆ.

ಮಾರ್ಗದರ್ಶಕರು ಒಪ್ಪಿದರು, ಪರೀಕ್ಷಕರು ಒಪ್ಪಿದರು, ಪದವಿ ಬಂತು. ತಪ್ಪು ಹಿಡಿಯಲಿಲ್ಲವೆಂದು ಅವರನ್ನು ದೂರುವ ಹಾಗಿಲ್ಲ. ಹಿಡಿಯುವುದಕ್ಕೆ ಬೇಕಾದ ವಿವರವನ್ನು ನಾನು ಪ್ರಬಂಧದಲ್ಲಿ ಕೊಟ್ಟೇ ಇರಲಿಲ್ಲ.

ಸರ್ಕಾರಿ ಕಾಗದದಲ್ಲಿ ಕಬಿನಿ, ದಡದವರ ಬಾಯಲ್ಲಿ ಕಪಿಲೆ. ವಯನಾಡಿನ ಪನಮರಂ ಹೊಳೆ, ಮಾನಂತವಾಡಿ ಹೊಳೆ ಎರಡೂ ಕೂಡಿ ಆಗುವ ನದಿ ಇದು. ಬೀಚನಹಳ್ಳಿಯ ಹತ್ತಿರ 1974ರಲ್ಲಿ ಮುಗಿದ ಅಣೆಕಟ್ಟೆಯಲ್ಲಿ 19.52 ಟಿಎಂಸಿ ನೀರು ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಹುಲ್ಲಹಳ್ಳಿಯ ಹಳೆಯ ಕಟ್ಟೆ ಒಂದಿಷ್ಟನ್ನು ನಾಲೆಗೆ ತಿರುಗಿಸಿಕೊಳ್ಳುತ್ತದೆ. ಉಳಿದದ್ದು ನಂಜನಗೂಡಿಗೆ ಬಂದು ಶ್ರೀಕಂಠೇಶ್ವರನ ಸ್ನಾನಘಟ್ಟ ಮುಟ್ಟಿ, ಗುಂಡ್ಲುಹೊಳೆಯನ್ನು ಸೇರಿಸಿಕೊಂಡು, ಸುತ್ತೂರಿನ ಪಕ್ಕ ಹಾಯ್ದು, ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿ ಗುಡಿಯ ಮುಂದೆ ಹರಿದು ಕಾವೇರಿಗೆ ಬೀಳುತ್ತದೆ. ಮಧ್ಯೆ ಎರಡೂ ದಡದಲ್ಲಿ ಭತ್ತದ ಗದ್ದೆಗಳು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿಪಾತ್ರಗಳ ಪಟ್ಟಿ ಹೊರಡಿಸಿತು. ಕರ್ನಾಟಕದ್ದು 17. ಕಬಿನಿಯಲ್ಲಿ ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಭಾಗ ಅದರಲ್ಲಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಆ ಪಟ್ಟಿಯನ್ನು ಕೈಗೆತ್ತಿಕೊಂಡದ್ದರಿಂದ ಎಲ್ಲರಿಗೂ ನದಿಗಳ ನೆನಪಾಯಿತು. ವಿಷಯ ಹುಡುಕುತ್ತಿದ್ದ ಸಂಶೋಧನಾ ವಿದ್ಯಾರ್ಥಿಗೆ ಇದಕ್ಕಿಂತ ಅನುಕೂಲ ಏನು ಬೇಕು? ಮೇಲೊಂದು ಊರು, ಕೆಳಗೊಂದು ಊರು, ನಡುವೆ ಒಂದು ನದಿ. ಮೇಲಿನ ಊರಿನ ಕೊಳೆ ಕೆಳಗಿನ ಊರಿಗೆ ಹೋಗುವ ದಾರಿಯಲ್ಲಿ ಏನಾಗುತ್ತದೆ ಎನ್ನುವುದು ನನ್ನ ಪ್ರಶ್ನೆಯಾಯಿತು. ಪ್ರಶ್ನೆ ಒಳ್ಳೆಯದೇ. ಈಗಲೂ ಅದರ ಬಗ್ಗೆ ನನ್ನ ತಕರಾರಿಲ್ಲ.

ಅದಕ್ಕೆ ನಾನು ಮುಖ್ಯವಾಗಿ ಅಳೆದದ್ದು ನೀರಿನಲ್ಲಿ ಕರಗಿದ ಆಮ್ಲಜನಕ. ಮೀನು ಉಸಿರಾಡುವುದು ಅದನ್ನೇ. ಚರಂಡಿ ನೀರು ಹೊಳೆಗೆ ಸೇರಿದರೆ ಅದರ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ಖರ್ಚು ಮಾಡುವುದೂ ಅದನ್ನೇ. ಸ್ನಾನಕ್ಕೆ ಯೋಗ್ಯ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕೆಂಬುದು ನಮ್ಮ ದೇಶದ ಮಾನದಂಡ. ಕೊಳೆಗೆ ಎಷ್ಟು ಆಮ್ಲಜನಕ ಬೇಕಾಗುತ್ತದೆಂದು ಹೇಳುವ ಬಿಒಡಿ 3 ಮಿಲಿಗ್ರಾಂ ದಾಟಬಾರದು.

ಅಳೆಯುವ ಕ್ರಮವನ್ನು ಹಂಗೇರಿಯ ವಿಂಕ್ಲರ್ 1888ರಲ್ಲಿ ಕಂಡುಹಿಡಿದ. ಈಗ ಮೀಟರುಗಳು ಬಂದಿದ್ದರೂ ನನಗೆ ಇಷ್ಟವಾದದ್ದು ಆ ಹಳೆಯ ಪದ್ಧತಿ. 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ಗಾಳಿಗುಳ್ಳೆ ಸೇರದ ಹಾಗೆ ನೀರೊಳಗೇ ತುಂಬಿಸಿ, ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಹಾಕಬೇಕು, ಹಿಂದೆಯೇ ಕ್ಷಾರೀಯ ಅಯೊಡೈಡ್. ಮುಚ್ಚಳ ಹಾಕಿ ಮೇಲೆ ಕೆಳಗೆ ಆಡಿಸಿದರೆ ಒಳಗೆ ಮೋಡದಂಥ ಗಸಿ ಏಳುತ್ತದೆ. ನೀರಿನಲ್ಲಿ ಆಮ್ಲಜನಕ ಚೆನ್ನಾಗಿದ್ದರೆ ಗಸಿ ಗಾಢ ಕಂದು, ಕಡಿಮೆಯಿದ್ದರೆ ಮಾಸಲು, ಏನೂ ಇಲ್ಲದಿದ್ದರೆ ಬೆಳ್ಳಗೆ. ಲೆಕ್ಕ ಆಮೇಲೆ ಬ್ಯುರೆಟ್ಟಿನಲ್ಲಿ. ಹೊಳೆಯ ಆರೋಗ್ಯ ದಡದಲ್ಲೇ ಬಣ್ಣದಲ್ಲಿ ಕಾಣಿಸುತ್ತದೆ.

ಸಿದ್ಧಾಂತವೂ ಕೈಯಲ್ಲಿತ್ತು. ಅಮೆರಿಕದ ಒಹಾಯೊ ನದಿಯ ಮೇಲೆ ಕೆಲಸ ಮಾಡಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಕೊಟ್ಟ ಸಮೀಕರಣ ನೀರಿನ ಎಂಜಿನಿಯರಿಂಗ್ ಓದಿದವರೆಲ್ಲರಿಗೂ ಬಾಯಿಪಾಠ. ಕೊಳೆ ಸೇರಿದ ಕಡೆ ಆಮ್ಲಜನಕ ಇಳಿಯುತ್ತದೆ, ಕೆಳಗೆ ಹೋದಂತೆ ಗಾಳಿಯಿಂದ ಮತ್ತೆ ತುಂಬಿಕೊಳ್ಳುತ್ತದೆ. ಗ್ರಾಫಿನಲ್ಲಿ ಅದು ಜೋಲುಬಿದ್ದ ಹಗ್ಗದ ಆಕಾರ. ಎರಡು ಕಡೆಯ ಆಮ್ಲಜನಕ, ಬಿಒಡಿ, ನೀರಿನ ವೇಗ ಗೊತ್ತಿದ್ದರೆ ನದಿ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆಂಬ ಗುಣಾಂಕ ಸಿಗುತ್ತದೆ. ನಾನು ಅದನ್ನು ಕಂಡುಹಿಡಿಯಲು ಹೊರಟಿದ್ದೆ. ಸ್ಟ್ರೀಟರ್–ಫೆಲ್ಪ್ಸರ ಆ ಮೂಲ ಸಮೀಕರಣದಲ್ಲಿ ಸೂರ್ಯನಿಗೆ ಜಾಗವಿಲ್ಲ ಎಂಬುದು ಪಾಠದಲ್ಲೇ ಇತ್ತು. ಪರೀಕ್ಷೆಗೆ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ.

ಇನ್ನು ನಮ್ಮ ಓಡಾಟ. ಪ್ರಯೋಗಾಲಯ ಮೈಸೂರಿನಲ್ಲಿ. ಗಾಡಿ ಬೆಳಿಗ್ಗೆ ಬೇಗ ಹೊರಡುತ್ತಿತ್ತು. ಮೊದಲು ನಂಜನಗೂಡು. ಬಿಸಿಲೇರುವ ಮುನ್ನ ಅಲ್ಲಿನ ಕೆಲಸ, ಅಲ್ಲೇ ತಿಂಡಿ. ಆಮೇಲೆ ಹೊಳೆಯ ಜೊತೆಜೊತೆಗೆ ಕೆಳಗೆ ಹೋಗುತ್ತ ನಡುವೆ ಒಂದೆರಡು ಕಡೆ ಮಾದರಿ. ಸುತ್ತೂರು ದಾಟಿ ನರಸೀಪುರ ತಲುಪುವ ಹೊತ್ತಿಗೆ ನಡುಮಧ್ಯಾಹ್ನ ಕಳೆದಿರುತ್ತಿತ್ತು. ಅಲ್ಲಿ ಬಾಟಲಿ ತುಂಬಿ, ಮುದ್ದೆ ಊಟ ಮಾಡಿ, ಮೈಸೂರಿಗೆ ವಾಪಸ್ಸು. ಲ್ಯಾಬಿನ ಅಟೆಂಡರಿಗೆ ಸಂಜೆಯ ಬಸ್ಸು ತಪ್ಪುವ ಮೊದಲು ಬಿಒಡಿ ಬಾಟಲಿಗಳು ಇನ್‌ಕ್ಯುಬೇಟರ್ ಸೇರಬೇಕಿತ್ತು. ನಕ್ಷೆಯ ಮೇಲೆ ತ್ರಿಕೋನ, ಡೀಸೆಲ್ಲಿಗೂ ಉಳಿತಾಯ, ಹೊಳೆ ಹರಿಯುವ ದಿಕ್ಕಿನಲ್ಲೇ ನಮ್ಮ ಪ್ರಯಾಣ. ಆ ಕ್ರಮ ಎಷ್ಟು ಸಹಜವಾಗಿತ್ತೆಂದರೆ ಅದನ್ನು ಯಾರೂ ತೀರ್ಮಾನಿಸಿರಲೇ ಇಲ್ಲ. ಎರಡು ವರ್ಷಕ್ಕೂ ಮೇಲೆ ಹಾಗೇ ನಡೆಯಿತು.

ಫಲಿತಾಂಶ ಸುಂದರವಾಗಿತ್ತು. ನಂಜನಗೂಡಿನ ಕೆಳಗೆ ಆಮ್ಲಜನಕ ಕಡಿಮೆ. ಕೆಳಗೆ ಹೋದಂತೆ ಏರುತ್ತ ಏರುತ್ತ ನರಸೀಪುರದಲ್ಲಿ ಎಲ್ಲಕ್ಕಿಂತ ಹೆಚ್ಚು. ಪಿಎಚ್ ಕೂಡ ಏರಿಕೆ. ಬಿಒಡಿ ಕೊಂಚ ಇಳಿಕೆ. ತಿಂಗಳು ಬದಲಾದರೂ ಗೆರೆಯ ಆಕಾರ ಬದಲಾಗುತ್ತಿರಲಿಲ್ಲ. ಅಂಕಿಗಳನ್ನು ಇಲ್ಲಿ ಕೊಡುವುದಿಲ್ಲ. ಅವುಗಳನ್ನು ನಂಬಬಾರದೆಂದೇ ಇದನ್ನೆಲ್ಲ ಬರೆಯುತ್ತಿರುವಾಗ ಮತ್ತೊಮ್ಮೆ ಅಚ್ಚು ಹಾಕಿಸುವುದು ಬೇಡ. ಸಮೀಕರಣಕ್ಕೆ ಹಾಕಿ ತೆಗೆದ ಚೇತರಿಕೆಯ ಗುಣಾಂಕ ಮಾತ್ರ ಬಯಲುಸೀಮೆಯ ನಿಧಾನ ನದಿಗೆ ಇರಬೇಕಾದ್ದಕ್ಕಿಂತ ತುಂಬ ದೊಡ್ಡದಾಗಿತ್ತು, ಬಂಡೆಗಳ ಮೇಲೆ ಧುಮುಕುವ ಮಲೆನಾಡಿನ ತೊರೆಗೆ ಒಪ್ಪುವಂಥದ್ದು. ಅಲ್ಲಿ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಹೆಮ್ಮೆ. ಕಪಿಲೆಯ ಸ್ವಶುದ್ಧಿ ಶಕ್ತಿ ಅಸಾಧಾರಣವಾದದ್ದು ಎಂದು ಬರೆದೆ.

ಇನ್ನೊಂದು ಸುಳಿವೂ ಕಣ್ಣೆದುರಿಗೇ ಇತ್ತು. ಗಾಳಿಯಿಂದ ನೀರಿಗೆ ಆಮ್ಲಜನಕ ಕರಗುವುದಕ್ಕೆ ಒಂದು ಮಿತಿ ಇದೆ. 25 ಡಿಗ್ರಿ ಶಾಖದ ನೀರಿಗೆ ಸಮುದ್ರಮಟ್ಟದಲ್ಲಿ ಅದು ಲೀಟರಿಗೆ ಸುಮಾರು 8.3 ಮಿಲಿಗ್ರಾಂ. ನಂಜನಗೂಡು, ನರಸೀಪುರ ಎರಡೂ ಇರುವುದು ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮೇಲೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಮಿತಿ ಏಳೂವರೆಯ ಆಸುಪಾಸಿಗೆ ಇಳಿಯುತ್ತದೆ. ಇದಕ್ಕಿಂತ ಹೆಚ್ಚು ಆಮ್ಲಜನಕ ಕಂಡರೆ ಅದನ್ನು ಗಾಳಿ ಕೊಟ್ಟಿರಲಾರದು. ನೀರೊಳಗಿನ ಪಾಚಿ, ಕಳೆಗಳು ಬಿಸಿಲಿನಲ್ಲಿ ತಯಾರಿಸಿ ಕೊಟ್ಟಿರಬೇಕು. ನರಸೀಪುರದ ನನ್ನ ಎಷ್ಟೋ ಅಂಕಿಗಳು ಈ ಎರಡು ಮಿತಿಗಳ ನಡುವೆ ಬಿದ್ದಿದ್ದವು. ನಾನು ಗೋಡೆಗೆ ಅಂಟಿಸಿಕೊಂಡಿದ್ದ ಕೋಷ್ಟಕ ಸಮುದ್ರಮಟ್ಟದ್ದು. ಅದರ ಪ್ರಕಾರ ಎಲ್ಲವೂ ಮಿತಿಯೊಳಗೇ ಇತ್ತು. ಸಣ್ಣ ತಪ್ಪು ದೊಡ್ಡ ತಪ್ಪನ್ನು ಮುಚ್ಚಿಟ್ಟಿತು. ಎತ್ತರದ ತಿದ್ದುಪಡಿ ಮಾಡಬೇಕೆಂಬ ಅಡಿಟಿಪ್ಪಣಿ ಅದೇ ಕೋಷ್ಟಕದ ಕೆಳಗೆ ಸಣ್ಣಕ್ಷರದಲ್ಲಿತ್ತು. ಅಂಟಿಸುವಾಗ ಕಾಗದ ಹೆಚ್ಚಾಯಿತೆಂದು ಆ ಭಾಗವನ್ನು ಒಳಕ್ಕೆ ಮಡಚಿದ್ದೆ.

ಈಗ ಕೈಬಿಟ್ಟ ದಿನದ ಕಥೆ. ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ಐದು ತೇರು ಎಳೆಯುತ್ತಾರೆ, ಗೌತಮ ಪಂಚಮಹಾರಥೋತ್ಸವ. ಬೇಸಿಗೆ ಶುರುವಾಗುವ ಕಾಲ, ಹೊಳೆಯಲ್ಲಿ ನೀರು ಕಡಿಮೆ, ಘಟ್ಟದ ತುಂಬ ಜನ. ತಾರೀಕು ನೋಡಿಕೊಳ್ಳದೆ ನಾವು ಅವತ್ತೇ ಮಾದರಿಗೆ ಹೊರಟಿದ್ದೆವು. ಊರೊಳಗೆ ಗಾಡಿ ಬಿಡುವಂತಿರಲಿಲ್ಲ. ಡ್ರೈವರ್ ಹೇಳಿದರು: “ಈಗ ಒಳಕ್ ಹೋದ್ರೆ ಸಾಯಂಕಾಲಕ್ಕೇ ಆಚೆಗ್ ಬರೋದು ಸಾರ್. ಮೊದ್ಲು ನರಸೀಪುರ ಮುಗಿಸ್ಕಬುಡಣ, ತೇರು ನಿಂತ್ಮೇಲೆ ಇಲ್ಲಿಗೆ ಬರಣ.” ಸರಿ ಎಂದೆ. ಅವತ್ತು ಬೆಳಿಗ್ಗೆ ನರಸೀಪುರ, ಮಧ್ಯಾಹ್ನದ ಮೇಲೆ ನಂಜನಗೂಡು.

ಸಂಜೆ ಬ್ಯುರೆಟ್ಟಿನ ಮುಂದೆ ಕೂತಾಗ ಎಲ್ಲ ತಲೆಕೆಳಗು. ಸಾವಿರಾರು ಜನ ಮುಳುಗಿ ಎದ್ದ ನಂಜನಗೂಡಿನ ನೀರಿನಲ್ಲಿ ಆಮ್ಲಜನಕ ಹೆಚ್ಚು. ಯಾವ ಗಲಾಟೆಯೂ ಇಲ್ಲದ ನರಸೀಪುರದಲ್ಲಿ ಕಡಿಮೆ. ಬಾಟಲಿಗೆ ಅಂಟಿಸಿದ ಚೀಟಿಗಳು ಅದಲುಬದಲಾಗಿವೆ ಎಂದುಕೊಂಡೆ. ಆಗಿರಲಿಲ್ಲ. ಆಮೇಲೆ ನನಗೆ ಹೊಳೆದ ಸಮಾಧಾನವನ್ನು ಈಗ ಬರೆಯುವುದಕ್ಕೂ ನಾಚಿಕೆ: ಅಷ್ಟು ಜನ ಸ್ನಾನ ಮಾಡುವಾಗ ನೀರು ಕಲಕಿ ಅದರೊಳಕ್ಕೆ ಗಾಳಿ ಸೇರಿದೆ. ನರಸೀಪುರಕ್ಕೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಕಡೆಗೆ ‘ಜಾತ್ರೆಯ ಕಾರಣ ಅಸಹಜ ಪರಿಸ್ಥಿತಿ, ವಿಶ್ಲೇಷಣೆಗೆ ಪರಿಗಣಿಸಿಲ್ಲ’ ಎಂದು ಒಂದು ಸಾಲು ಬರೆದು ಆ ದಿನವನ್ನು ಹೊರಗಿಟ್ಟೆ. ನಿಯಮದಲ್ಲಿ ಇದಕ್ಕೆ ಅವಕಾಶ ಇದೆ. ಗುಂಪಿಗೆ ಸೇರದ ಅಂಕಿಯನ್ನು ಕಾರಣ ಕೊಟ್ಟು ಬಿಡಬಹುದು. ಕಾರಣ ಕೊಡುವುದು ಎಷ್ಟು ಸುಲಭ ಎಂದು ನಿಯಮದಲ್ಲಿ ಬರೆದಿರುವುದಿಲ್ಲ.

ಪದವಿ ಬಂದ ಮೇಲೆ ನರಸೀಪುರದ ಕಡೆಯ ಒಂದು ಸಭೆಗೆ ಮಾತಾಡಲು ಕರೆದರು. ಗ್ರಾಫು ತೋರಿಸಿದೆ. ಕಪಿಲೆ ತನ್ನನ್ನು ತಾನೇ ಶುದ್ಧಿ ಮಾಡಿಕೊಳ್ಳುತ್ತದೆಂದು ವಿಜ್ಞಾನಿಯ ಬಾಯಲ್ಲಿ ಕೇಳಿ ಸಭೆಗೆ ಆದ ಸಂತೋಷ ಹೇಳತೀರದು. ಅಧ್ಯಕ್ಷತೆ ವಹಿಸಿದ್ದವರು, ವಿಷಕಂಠನ ಪಾದ ತೊಳೆದು ಬರುವ ನದಿಯಲ್ಲವೇ, ವಿಷವನ್ನು ಅರಗಿಸಿಕೊಳ್ಳದೆ ಇರುತ್ತದೆಯೇ ಎಂದರು. ಚಪ್ಪಾಳೆ ಬಿತ್ತು. ಶಾಲು, ಹಣ್ಣಿನ ಬುಟ್ಟಿ. ನಾನು ತಿದ್ದಲಿಲ್ಲ. ಚೆನ್ನಾಗಿದೆ ಎನ್ನಿಸಿತು ಕೂಡ.

ಕೆಲವು ತಿಂಗಳ ನಂತರ ಬೇರೊಂದು ಕಡೆ ಒಳಚರಂಡಿಯ ಬಗ್ಗೆ ಚರ್ಚೆ ನಡೆಯುತ್ತಿದ್ದಾಗ ಒಬ್ಬರು ಎದ್ದು ಹೇಳಿದರು: “ಅಷ್ಟು ದುಡ್ಡು ಸುರಿಯೋ ಅವಸರ ಏನಿದೆ? ಹೊಳೆ ತಾನೇ ಸರಿಮಾಡ್ಕೊತದೆ ಅಂತ ಸೈಂಟಿಸ್ಟೇ ಹೇಳವ್ರೆ.” ಆ ಸೈಂಟಿಸ್ಟು ಹಿಂದಿನ ಸಾಲಿನಲ್ಲಿ ಕೂತಿದ್ದ. ನಾನು ಹೇಳಿದ್ದು ಹಾಗಲ್ಲ ಎಂದು ಏಳಬಹುದಿತ್ತು. ಆದರೆ ನಾನು ಹೇಳಿದ್ದು ಹೆಚ್ಚುಕಡಿಮೆ ಹಾಗೇ ಇತ್ತು.

ತಪ್ಪು ಸಿಕ್ಕಿದ್ದು ತರಗತಿಯಲ್ಲಿ. ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಗ್ರಾಫ್ ಎಳೆಯುವ ಅಭ್ಯಾಸಕ್ಕೆಂದು ನನ್ನ ಹಳೆಯ ಫೀಲ್ಡ್ ಪುಸ್ತಕದ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಹಂಚಿದ್ದೆ. ಜಾತ್ರೆಯ ದಿನದ್ದೂ ಅದರಲ್ಲಿ ಸೇರಿಹೋಗಿತ್ತು. ನದಿಯ ಉದ್ದಕ್ಕೂ ದೂರ ಹೆಚ್ಚಿದಂತೆ ಆಮ್ಲಜನಕ ಹೇಗೆ ಬದಲಾಗುತ್ತದೆ ತೋರಿಸಿ ಎಂಬುದು ಪ್ರಶ್ನೆ. ಒಬ್ಬ ಹುಡುಗಿ ಅವಸರದಲ್ಲಿ ದೂರದ ಕಾಲಂ ಬಿಟ್ಟು ಪಕ್ಕದ ಕಾಲಂ ತೆಗೆದುಕೊಂಡಿದ್ದಳು, ಮಾದರಿ ತೆಗೆದ ಗಂಟೆಯದ್ದು. ನನ್ನ ಗ್ರಾಫಿನಲ್ಲಿ ಅಷ್ಟಿಷ್ಟು ಚದುರಿದ್ದ ಚುಕ್ಕೆಗಳು ಅವಳದ್ದರಲ್ಲಿ ಒಂದೇ ಬಾಗಿದ ಗೆರೆಯ ಮೇಲೆ ಸಾಲಾಗಿ ಕೂತಿದ್ದವು. ನಂಜನಗೂಡಿನದು, ನಡುವಿನ ಹಳ್ಳಿಗಳದು, ನರಸೀಪುರದ್ದು, ಎಲ್ಲ ಒಂದೇ ಗೆರೆ. ನಾನು ನೋಡಿದೆ. ‘ಕಾಲಂ ತಪ್ಪು, ಮತ್ತೆ ಮಾಡು’ ಎಂದು ಕೆಂಪು ಶಾಯಿಯಲ್ಲಿ ಬರೆದು ಅಂಕ ಕಳೆದೆ.

“ಸರ್, ಆದ್ರೆ ಇದೇ ಚೆನ್ನಾಗಿ ಕೂರ್ತಾ ಇದೆಯಲ್ಲ?” ಎಂದಳು.

“ಚೆನ್ನಾಗಿ ಕೂತ ಮಾತ್ರಕ್ಕೆ ಸರಿ ಅಂತ ಅಲ್ಲಮ್ಮ” ಎಂದೆ. ಆ ಮಾತು ನನ್ನ ಅಧ್ಯಾಯಕ್ಕೇ ಹೇಳಬೇಕಾದ್ದು.

ಮನೆಗೆ ಬಂದ ಮೇಲೂ ಆ ಗೆರೆ ಬಿಡಲಿಲ್ಲ. ಜಾತ್ರೆಯ ದಿನದ ಚುಕ್ಕೆಗಳನ್ನು ಅದರ ಮೇಲೆ ಹುಡುಕಿದೆ. ದೂರದ ಗ್ರಾಫಿನಲ್ಲಿ ಎಲ್ಲೋ ಹೊರಗೆ ಬಿದ್ದಿದ್ದ ಅವು ಗಂಟೆಯ ಗ್ರಾಫಿನಲ್ಲಿ ಉಳಿದವುಗಳ ನಡುವೆಯೇ ಇದ್ದವು. ಎರಡು ವರ್ಷದ ನನ್ನ ಕೆಲಸದಲ್ಲಿ ಸ್ಥಳ ಮತ್ತು ಸಮಯ ಬೇರೆಯಾಗಿದ್ದದ್ದು ಆ ಒಂದು ದಿನ ಮಾತ್ರ. ಉಳಿದೆಲ್ಲ ದಿನ ನಂಜನಗೂಡು ಎಂದರೆ ಬೆಳಿಗ್ಗೆ, ನರಸೀಪುರ ಎಂದರೆ ಮಧ್ಯಾಹ್ನ. ಒಂದು ಮನೆಯವರ ಸಕ್ಕರೆಯನ್ನು ಊಟಕ್ಕೆ ಮೊದಲು, ಇನ್ನೊಂದು ಮನೆಯವರದ್ದನ್ನು ಊಟ ಆದ ಮೇಲೆ ನೋಡಿ, ಎರಡನೇ ಮನೆಯಲ್ಲೇ ಕಾಯಿಲೆ ಜಾಸ್ತಿ ಎಂದು ಬರೆದುಕೊಟ್ಟ ಹಾಗಾಗಿತ್ತು ನನ್ನ ಸಂಶೋಧನೆ.

ಕಾರಣ ಹೊಸದೇನಲ್ಲ. ಬೆಳಕಿದ್ದಾಗ ಪಾಚಿ, ನೀರೊಳಗಿನ ಕಳೆ ದ್ಯುತಿಸಂಶ್ಲೇಷಣೆ ನಡೆಸಿ ನೀರಿಗೆ ಆಮ್ಲಜನಕ ಬಿಡುತ್ತವೆ, ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತವೆ, ಅದರಿಂದ ಪಿಎಚ್ ಏರುತ್ತದೆ. ಕತ್ತಲಾದ ಮೇಲೆ ಅವೂ ಉಸಿರಾಡುತ್ತವೆ, ಬ್ಯಾಕ್ಟೀರಿಯಾದಂತೆಯೇ ಆಮ್ಲಜನಕ ಖರ್ಚುಮಾಡುತ್ತವೆ. ಹಾಗಾಗಿ ಮಧ್ಯಾಹ್ನದ ನಂತರ ಶಿಖರ, ಬೆಳಗಿನ ಜಾವಕ್ಕೆ ತಳ. ಈ ಏರಿಳಿತವನ್ನೇ ಬಳಸಿ ನದಿಯ ಜೀವಬಲ ಲೆಕ್ಕ ಹಾಕುವ ವಿಧಾನವನ್ನು ಹೊವಾರ್ಡ್ ಓಡಮ್ 1956ರಲ್ಲೇ ಕೊಟ್ಟಿದ್ದ. ನನ್ನ ಪ್ರಬಂಧದ ಗ್ರಂಥಸೂಚಿಯಲ್ಲಿ ಅವನ ಹೆಸರೂ ಇದೆ. ಇನ್ನು ನಾನು ಒಂದೇ ನೀರನ್ನು ಹಿಂಬಾಲಿಸಿದ್ದೆನೇ? ಅದೂ ಇಲ್ಲ. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹರಿಯುವ ನೀರು ಒಂದು ಇಡೀ ದಿನಕ್ಕೆ 43 ಕಿಲೋಮೀಟರ್ ಹೋಗುತ್ತದೆ. ನಮ್ಮ ಜೀಪು ಹೊಳೆಗಿಂತ ಎಷ್ಟೋ ಮುಂದೆ. ಬೆಳಿಗ್ಗೆ ನಂಜನಗೂಡಿನಲ್ಲಿ ಬಾಟಲಿಗೆ ತುಂಬಿದ ನೀರಿನ ಸಂಗಾತಿ ನರಸೀಪುರಕ್ಕೆ ಬರುವ ಹೊತ್ತಿಗೆ ನಾನು ಮನೆಯಲ್ಲಿ ಮಲಗಿರುತ್ತಿದ್ದೆ.

ಒಂದು ರಾತ್ರಿ ನರಸೀಪುರದ ದಡದಲ್ಲಿ ಕೂರದೆ ವಿಧಿಯಿರಲಿಲ್ಲ. ಸಂಜೆಯಿಂದ ಬಿಡುವು ಬಿಟ್ಟು ಬಿಟ್ಟು ಬಾಟಲಿ ತುಂಬಿ, ಔಷಧಿ ಹಾಕಿ, ಮೆಟ್ಟಿಲ ಮೇಲೆ ಸಾಲಾಗಿ ಇಡುತ್ತ ಹೋದೆ. ಮೊದಲ ಬಾಟಲಿಯ ಗಸಿ ಕಾಫಿಪುಡಿಯ ಬಣ್ಣ. ರಾತ್ರಿ ಹೆಚ್ಚಿದಂತೆ ಬಣ್ಣ ಇಳಿಯುತ್ತ ಬಂತು. ಟಾರ್ಚು ಬಿಟ್ಟು ನೋಡಿದರೆ ಸಾಲಿನ ಈ ತುದಿಗೂ ಆ ತುದಿಗೂ ಇರುವ ವ್ಯತ್ಯಾಸಕ್ಕೆ ಟೈಟ್ರೇಷನ್ನೇ ಬೇಡವಾಗಿತ್ತು. ತೆಪ್ಪ ಇಳಿಸಲು ಬಂದ ಮೀನುಗಾರರೊಬ್ಬರು ನಿಂತು, “ಏನ್ ಸಾ, ನೀರ್ಗೆ ಕಾವಲಾ?” ಎಂದರು. ಏನು ಮಾಡುತ್ತಿದ್ದೇನೆಂದು ವಿವರಿಸಿದೆ. “ಬೆಳಗಾನೆ ಮೀನು ಮ್ಯಾಕ್ಕೆ ಬಂದು ಬಾಯ್ ಬುಡ್ತವಲ್ಲ ಸಾ, ಬ್ಯಾಸ್ಗೇಲಿ. ಅದ್ಕೇನೆ ಇಷ್ಟೊತ್ಗೆ ಬಲೆ ಬುಡಾದು” ಎಂದು ಹೇಳಿ ಅವರ ಪಾಡಿಗೆ ಹೋದರು. ಎರಡು ವರ್ಷ ಅದೇ ದಡಕ್ಕೆ ಬಂದುಹೋಗಿದ್ದೆ. ನಾನು ಬರುವ ಹೊತ್ತಿಗೆ ಅವರು ಮೀನು ಮಾರಿ ಮನೆಗೆ ಹೋಗಿರುತ್ತಿದ್ದರು.

ಆಮೇಲೆ ನಂಜನಗೂಡಿನಲ್ಲೂ ಹಾಗೇ ಕೂತೆ. ಎರಡೂ ಕಡೆ ಏರಿಳಿತ ಇತ್ತು. ನನ್ನನ್ನು ನಿಜವಾಗಿ ಕುಗ್ಗಿಸಿದ್ದು ಮುಂದಿನ ಸಂಗತಿ. ನರಸೀಪುರದಲ್ಲಿ ಏರಿಳಿತ ಇನ್ನೂ ದೊಡ್ಡದು. ಮಧ್ಯಾಹ್ನ ನಂಜನಗೂಡಿಗಿಂತ ಎತ್ತರ, ಬೆಳಗಿನ ಜಾವ ನಂಜನಗೂಡಿಗಿಂತ ತಗ್ಗು. ನಾನು ಆರೋಗ್ಯದ ಗುರುತೆಂದು ಎತ್ತಿ ತೋರಿಸಿದ್ದ ಆ ಮಧ್ಯಾಹ್ನದ ಎತ್ತರವೇ ಕಾಯಿಲೆಯ ಲಕ್ಷಣ. ಚರಂಡಿ ನೀರಿನ ಸಾರಜನಕ, ರಂಜಕ, ಗದ್ದೆಗಳಿಂದ ಬಸಿದು ಬರುವ ಯೂರಿಯಾ, ಡಿಎಪಿಯ ಪಾಲು, ಎಲ್ಲವೂ ಕೆಳಗೆ ಬಂದು ಪಾಚಿಗೆ ಗೊಬ್ಬರವಾಗುತ್ತವೆ. ಸಂಗಮದ ಹತ್ತಿರ ನೀರು ನಿಧಾನ. ಕಾವೇರಿಯ ಮಟ್ಟ ಹೆಚ್ಚಿದ್ದರೆ ಕಪಿಲೆಯ ನೀರು ಮುಂದಕ್ಕೆ ಹೋಗಲಾರದೆ ಹಿಂದಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಬಿಸಿಲು, ನಿಂತ ನೀರು, ಗೊಬ್ಬರ ಮೂರೂ ಸಿಕ್ಕಿದರೆ ಪಾಚಿಗೆ ಇನ್ನೇನು ಬೇಕು? ಕೊಳೆ ಕರಗಿರಲಿಲ್ಲ. ವೇಷ ಬದಲಿಸಿತ್ತು. ಹೊಳೆಗೆ ಸ್ವಶುದ್ಧಿ ಎಂಬುದೇ ಇಲ್ಲವೆಂದು ಈಗ ಇನ್ನೊಂದು ಕಡೆಗೆ ವಾಲುವುದಿಲ್ಲ. ಬ್ಯಾಕ್ಟೀರಿಯಾ ತಿಂದು ಬಿಒಡಿ ಇಳಿದದ್ದು ನಿಜವೇ. ಆದರೆ ತಿಂದು ಬಿಟ್ಟ ಸಾರಜನಕ, ರಂಜಕ ಎಲ್ಲಿಗೂ ಹೋಗಿರುವುದಿಲ್ಲ.

ಹೊಳೆಯನ್ನು ಬಳಸುವವರ ಹೊತ್ತು ಯಾವುದು, ಅಳೆಯುವವರ ಹೊತ್ತು ಯಾವುದು ಎಂದು ಅಲ್ಲಿಂದಾಚೆ ಯೋಚಿಸತೊಡಗಿದೆ. ನರಸೀಪುರದ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆಯುತ್ತಿದೆ. ಮೂರು ವರ್ಷಕ್ಕೊಮ್ಮೆ ಎಂದು ಕ್ರಮ, ಇತ್ತೀಚಿನದು 2025ರ ಫೆಬ್ರವರಿಯಲ್ಲಾಯಿತು. ಮೇಳ ಇರಲಿ ಇಲ್ಲದಿರಲಿ, ಮಾಘಸ್ನಾನ ಮಾಡುವವರು ಸೂರ್ಯೋದಯಕ್ಕೆ ಮೊದಲೇ ನೀರಿಗಿಳಿಯುತ್ತಾರೆ. ಆಮ್ಲಜನಕ ತಳ ಮುಟ್ಟಿರುವ ಹೊತ್ತು ಅದು. ಮಲದಿಂದ ಬರುವ ಕೋಲಿಫಾರಂ ಬ್ಯಾಕ್ಟೀರಿಯಾವನ್ನು ಬಿಸಿಲಿನ ನೇರಳಾತೀತ ಕಿರಣ ಕೊಲ್ಲುತ್ತದೆ. ರಾತ್ರಿ ಆ ಕೊಲ್ಲುವಿಕೆ ನಿಂತಿರುತ್ತದೆ, ಚರಂಡಿಯ ಹರಿವು ನಿಂತಿರುವುದಿಲ್ಲ. ಅಂದರೆ ಭಕ್ತರು ಮೂಗು ಹಿಡಿದು ಮುಳುಗುವುದು ನೀರು ತೀರ ಸೊರಗಿರುವಾಗ, ನಾನು ಬಾಟಲಿ ಮುಳುಗಿಸುತ್ತಿದ್ದುದು ನೀರು ಮೆರೆಯುತ್ತಿರುವಾಗ. ನನ್ನ ವರದಿ ಅವರಿಗೆ ಹೇಳುತ್ತಿದ್ದುದು ಅವರು ಎಂದೂ ಇಳಿಯದ ಹೊಳೆಯ ಬಗ್ಗೆ. ಮೀನಿನ ಪಾಡೂ ಸುಲಭವಲ್ಲ. ಮಧ್ಯಾಹ್ನ ಪಿಎಚ್ ಏರಿದಾಗ ನೀರಿನಲ್ಲಿರುವ ಅಮೋನಿಯಂನಲ್ಲಿ ಮೊದಲಿಗಿಂತ ಹೆಚ್ಚು ಪಾಲು ಅಮೋನಿಯಾ ಆಗುತ್ತದೆ, ಮೀನಿಗೆ ವಿಷವಾಗುವ ರೂಪ ಅದು. ಬೆಳಗಿನ ಜಾವ ವಿಷ ಇಳಿದಾಗ ಉಸಿರಿಗೆ ಆಮ್ಲಜನಕ ಇಲ್ಲ.

ಈ ದೋಷ ನನ್ನೊಬ್ಬನದೇ ಎಂದರೆ ವಿನಯವಾದೀತು, ನಿಜವಾಗದು. ನಮ್ಮ ದೇಶದಲ್ಲಿ ನದಿಗಳ ಗುಣಮಟ್ಟದ ಬಹುಪಾಲು ಅಂಕಿಗಳು ತಿಂಗಳಿಗೊಮ್ಮೆ ಹಗಲು ಹೊತ್ತಿನಲ್ಲಿ ಹೋಗಿ ತುಂಬಿದ ಬಾಟಲಿಗಳಿಂದ ಬಂದವು. ಕನಿಷ್ಠ 5 ಮಿಲಿಗ್ರಾಂ ಎಂಬ ಮಾನದಂಡ ಯಾವ ಗಂಟೆಯ ಕನಿಷ್ಠ ಎಂದು ಹೇಳುವುದಿಲ್ಲ. ಮಧ್ಯಾಹ್ನ ಆರಾಮವಾಗಿ ಪಾಸಾಗುವ ಹೊಳೆ ನಸುಕಿನಲ್ಲಿ ಫೇಲಾಗಬಹುದು, ಎರಡೂ ಒಂದೇ ದಿನ. ನೀರೊಳಗೇ ಬಿಟ್ಟು ಗಳಿಗೆ ಗಳಿಗೆಗೂ ಓದುವ ಸಂವೇದಕಗಳು ಕೆಲವು ಕಡೆ ಬಂದಿವೆ. ಅವುಗಳ ಮೇಲೂ ಪಾಚಿ ಕಟ್ಟುತ್ತದೆ, ಆಗಾಗ ಹೋಗಿ ಒರೆಸುವವರು ಬೇಕು. ಪ್ರವಾಹದ ದಿನಗಳ ವಿಷಯವೂ ಇಷ್ಟೆ. 2019ರ ಆಗಸ್ಟಿನಲ್ಲಿ ಕಬಿನಿಯಿಂದ ಲಕ್ಷ ಕ್ಯೂಸೆಕ್ಕಿಗೂ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು, ಮಲ್ಲನಮೂಲೆ ಮಠದ ಬಳಿ ಊಟಿ ರಸ್ತೆಯೇ ಬಂದಾಯಿತು. ನನ್ನ ಪುಸ್ತಕದಲ್ಲಿ ಆ ವಾರದ ಹಾಳೆ ಖಾಲಿ. ಗದ್ದೆಯ ಮಣ್ಣು, ಗೊಬ್ಬರ, ಊರ ಕಸವೆಲ್ಲ ಹೊಳೆ ಒಂದೇ ಸಲ ಹೊತ್ತುಕೊಂಡು ಹೋಗುವುದು ಅಂಥ ವಾರದಲ್ಲಿ. ರಸ್ತೆ ಇರುವ ದಿನ, ಬಸ್ಸು ಸಿಗುವ ಹೊತ್ತು, ಊಟಕ್ಕೆ ಮೊದಲು. ನನ್ನ ಎರಡು ವರ್ಷದ ಹೊಳೆ ಅಷ್ಟೇ.

ಆ ಹುಡುಗಿಗೆ ಕಳೆದ ಅಂಕವನ್ನು ವಾಪಸ್ಸು ಕೊಡಲು ಮೂರ್ನಾಲ್ಕು ವಾರ ತೆಗೆದುಕೊಂಡೆ. ರಾತ್ರಿ ಕೂತು ಖಾತ್ರಿ ಮಾಡಿಕೊಳ್ಳದೆ ಹೇಗೆ ಹೇಳುವುದು ಎಂಬ ನೆಪವಿತ್ತು. ತರಗತಿಯಲ್ಲಿ ಎಲ್ಲ ಹೇಳಿದೆ, ಜಾತ್ರೆಯ ಸಾಲನ್ನೂ ಓದಿದೆ. ಹುಡುಗರು ನಕ್ಕರು, ಅವಳು ನಗಲಿಲ್ಲ. “ಹಾಗಾದ್ರೆ ಇದನ್ನ ಅಲ್ಲಿ ಹೋಗಿ ಹೇಳಿದ್ರಾ ಸರ್?” ಎಂದು ಕೇಳಿದಳು. ಅಲ್ಲಿ ಅಂದರೆ ಶಾಲು ಹೊದಿಸಿದ ಕಡೆ. ಹೋಗಿರಲಿಲ್ಲ. ಆಮೇಲೆ ಹೋದೆ. ಈ ಸಲ ಜನ ಕಡಿಮೆ, ಗ್ರಾಫು ಎರಡು, ಚಪ್ಪಾಳೆ ಇಲ್ಲ. ಮೊದಲು ಹೇಳಿದ್ದೇ ಚೆನ್ನಾಗಿತ್ತು ಎಂದರು ಒಬ್ಬರು. ಒಳಚರಂಡಿಯ ಮಾತೆತ್ತಿದವರನ್ನು ಹುಡುಕಿ ಮನೆಗೇ ಹೋಗಿ ಹೇಳಿದೆ. “ನೀವೇ ಒಂದ್ಸಲ ಹಂಗಂತೀರಿ, ಒಂದ್ಸಲ ಹಿಂಗಂತೀರಿ” ಎಂದು ಕಾಫಿ ಕೊಟ್ಟರು.

ಪ್ರಬಂಧವನ್ನು ತಿದ್ದುವಂತಿಲ್ಲ, ಅದು ಗ್ರಂಥಾಲಯದಲ್ಲಿ ರಟ್ಟು ಹಾಕಿಸಿಕೊಂಡು ಕೂತಿದೆ. ಅದರಿಂದ ತೆಗೆದು ಒಂದು ಸಮ್ಮೇಳನದ ಸಂಪುಟದಲ್ಲಿ ಅಚ್ಚಾದ ಲೇಖನ ಅಂತರ್ಜಾಲದಲ್ಲೂ ಸಿಗುತ್ತದೆ. ಸಂಪುಟದವರಿಗೆ ತಿದ್ದುಪಡಿ ಕಳಿಸಿದೆ, ಸಮ್ಮೇಳನದ ಸಮಿತಿ ವಿಸರ್ಜನೆಯಾಗಿದೆ ಎಂಬ ಉತ್ತರ ಬಂತು. ಹಾಗಾಗಿ ಆ ಲೇಖನವನ್ನು ಆಧಾರವಾಗಿ ಕೊಟ್ಟವರು ಕಣ್ಣಿಗೆ ಬಿದ್ದಾಗಲೆಲ್ಲ ನಾನೇ ಇಮೇಲ್ ಬರೆಯುತ್ತೇನೆ. ಹೆಚ್ಚಿನವರು ಉತ್ತರಿಸುವುದಿಲ್ಲ. ಬೇರೊಂದು ಜಿಲ್ಲೆಯಲ್ಲಿ ಬೇರೊಂದು ಹೊಳೆಯ ಮೇಲೆ ಕೆಲಸ ಮಾಡುತ್ತಿರುವ ಸಂಶೋಧಕರೊಬ್ಬರು ಮಾತ್ರ ಮರುದಿನವೇ ಫೋನ್ ಮಾಡಿದರು. ಅವರ ಹೊಳೆಯೂ ಕೆಳಗೆ ಹೋದಂತೆ ಅಚ್ಚರಿಯಾಗುವಷ್ಟು ಶುದ್ಧವಾಗುತ್ತಿತ್ತಂತೆ. ಬೆಳಿಗ್ಗೆ ಯಾವ ಕಡೆಯಿಂದ ಶುರುಮಾಡುತ್ತೀರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಫೀಲ್ಡ್ ಪುಸ್ತಕ ಮನೆಯಲ್ಲಿದೆ, ನೋಡಿ ಹೇಳುತ್ತೇನೆ ಎಂದರು.